ಹಿಮದಲ್ಲಿ ತೋಳ ಬೇಟೆಯಾಡುವ ವಿಡಿಯೊ ನೋಡಿದೆ. ಚಳಿಗಾಲದಲ್ಲಿ ಮೇಲುಕೋಟೆ ಕಡೆ ತೋಳ ಬೇಟೆಗೆ ಹೋಗಬೇಕು, ಏನೇನು ತಯಾರಿ ಬೇಕು?

ಕೋವಿ ಮನೆಯಲ್ಲೇ ಇರಲಿ ಸ್ವಾಮಿ. ತೋಳ 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿರುವ ಪ್ರಾಣಿ. ಹೊಡೆದರೆ ಕಡಿಮೆ ಅಂದರೂ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. ದಂಡ 25,000 ರೂಪಾಯಿಯಿಂದ ಶುರು. ನೀವು ವಿಡಿಯೊದಲ್ಲಿ ನೋಡಿದೆ ಅಂತ ಬರೆದಿರುವ ಹಿಮದ ಬೇಟೆ ಅಮೆರಿಕದ ಮೊಂಟಾನಾದ್ದು. ಅಲ್ಲಿ ಲೈಸೆನ್ಸ್ ಕೊಡುತ್ತಾರೆ, ಇಲ್ಲಿ ಅಂಥದ್ದೇನೂ ಇಲ್ಲ. ಮೇಲುಕೋಟೆ ವನ್ಯಜೀವಿ ಧಾಮ ಮಾಡಿದ್ದೇ 1974ರಲ್ಲಿ, ತೋಳ ಉಳಿಸಬೇಕು ಅಂತ!

ಕ್ಯಾಮೆರಾ ಹಿಡಿದು ಹೋಗುವುದಾದರೆ ಹೇಳುತ್ತೇನೆ. ನಾನು ಮೈಸೂರಿನವನು. ಐದಾರು ಚಳಿಗಾಲ ಈ ಹುಚ್ಚಿಗೆ ಬಿದ್ದು ಆ ಕಡೆ ಅಲೆದಿದ್ದೇನೆ. ತೋಳ ಕಣ್ಣಿಗೆ ಬಿದ್ದಿದ್ದು ಎರಡೇ ಸಲ.

ಮೊದಲ ವರ್ಷ ಸುಮ್ನೆ ಕಾಡು ಹುಡುಕಿಕೊಂಡು ಹೋದೆ. ತೋಳಕ್ಕೆ ದಟ್ಟ ಕಾಡು ಬೇಡ. ಅದಕ್ಕೆ ಬೇಕಾಗಿದ್ದು ಬಯಲು, ಕುರುಚಲು, ಹೊಲದ ಅಂಚು. ಆದ್ದರಿಂದ ತೋಳ ಹುಡುಕಬೇಡಿ, ಕುರಿ ಹುಡುಕಿ. ರಾಗಿ ಕೊಯ್ಲು ಮುಗಿದ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ಮಂದೆ ಕೂಡಿರುತ್ತಾರೆ. ಆ ಕುರಿಯವರಿಗಿಂತ ಒಳ್ಳೆ ಗೈಡ್ ಸಿಗಲ್ಲ. ಆದರೆ ಹೋದ ತಕ್ಷಣ "ತೋಳ ಎಲ್ಲಿ ಬರುತ್ತೆ?" ಅಂತ ಕೇಳಬೇಡಿ. ಮರಿ ಕಳೆದುಕೊಂಡವರಿಗೆ ಅದು ತಮಾಷೆಯ ವಿಷಯ ಅಲ್ಲ. ಫ್ಲಾಸ್ಕಿನ ಟೀ ಬಗ್ಗಿಸಿ ಕೊಡಿ, ಜೊತೆಗೆ ಕೂತುಕೊಳ್ಳಿ.

ಒಬ್ಬರು ಯಜಮಾನರು ನನಗೆ ಹೇಳಿದ್ದು: "ಗುಡ್ಡ ನೋಡ್ಬ್ಯಾಡ ಕಣಪ್ಪ, ನಮ್ ನಾಯಿ ನೋಡು." ಬೆಳಗ್ಗೆ ಆರೂವರೆ ಇರಬೇಕು, ಮಂಜು ಇನ್ನೂ ಹರಿದಿರಲಿಲ್ಲ. ಒಲೆಯ ಬೂದಿ ಪಕ್ಕ ಮಲಗಿದ್ದ ನಾಯಿ ಎದ್ದು ನಿಂತಿತು. ಬೊಗಳಲಿಲ್ಲ. ಕತ್ತಿನ ಕೂದಲು ಮಾತ್ರ ನಿಮಿರಿತ್ತು. ಅದು ನೋಡುತ್ತಿದ್ದ ಕಡೆ ಬದುವಿನ ಮೇಲೆ ಇನ್ನೊಂದು ನಾಯಿ ಹೋಗುತ್ತಿದೆ ಅಂದುಕೊಂಡೆ. ಆದರೆ ಕಾಲು ಉದ್ದ, ಮೈ ಬಡಕಲು, ಬಾಲ ಸುರುಳಿ ಸುತ್ತದೆ ನೇರ ಜೋತುಬಿದ್ದಿತ್ತು. ನಾನು ಕ್ಯಾಮೆರಾ ಬ್ಯಾಗಿನ ವೆಲ್ಕ್ರೋ ಎಳೆದೆ. ಪರ್ ಅಂತ ಸದ್ದು. ಅದು ಒಂದೇ ಸಲ ತಿರುಗಿ ನೋಡಿ ಬದು ಇಳಿದುಬಿಟ್ಟಿತು. ಫೋಟೊದಲ್ಲಿ ಉಳಿದಿದ್ದು ಬಾಲ ಮಾತ್ರ.

ಹಾಗಾಗಿ ಕ್ಯಾಮೆರಾ ಮೊದಲೇ ಹೊರಗೆ ತೆಗೆದಿಡಿ. 400 ಎಂಎಂ ಲೆನ್ಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೈನಾಕ್ಯುಲರ್ ಸಾಕು. ಸ್ವೆಟರ್, ಮಂಕಿ ಕ್ಯಾಪ್ ಬೇಕು. ಬಿಳಿ ಬಟ್ಟೆ ಬೇಡ, ಸೆಂಟ್ ಅಂತೂ ಬೇಡವೇ ಬೇಡ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ತುರುಕಿ, ಕುರಿ ಮಲಗಿದ ಜಾಗದಲ್ಲಿ ರಕ್ತ ಹೀರುವ ಉಣ್ಣೆ ಹುಳ ಹತ್ತುತ್ತವೆ. ನಾನು ಒಮ್ಮೆ ಮನೆಗೆ ಬಂದು ಸೊಂಟದ ಸುತ್ತ ಏಳು ಕಿತ್ತಿದ್ದೇನೆ.

ಧಾಮದ ಒಳಗೆ ಕಾಲಿಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊರಗಿನ ಹೊಲಗಳಲ್ಲೂ ಕತ್ತಲಲ್ಲಿ ಒಬ್ಬರೇ ತಿರುಗಬೇಡಿ, ಕಬ್ಬಿನ ಗದ್ದೆ ಪಕ್ಕ ಕೂರಬೇಡಿ. ಈ ಕಡೆ ಚಿರತೆ ಜಾಸ್ತಿ.

ಇನ್ನೊಂದು ವಿಷಯಕ್ಕೆ ನಾನು ತುಂಬಾ ಕಟ್ಟುನಿಟ್ಟು. ನಮ್ಮ ತೋಳಗಳು ಮರಿ ಹಾಕುವ ಕಾಲವೂ ಇದೇ ಚಳಿಗಾಲ. ಬಂಡೆ ಸಂದಿಯಲ್ಲೋ ಮಣ್ಣಿನ ಬಿಲದಲ್ಲೋ ಮರಿಗಳು ಇರಬಹುದು. ಬಿಲ ಕಂಡರೆ ಹತ್ತಿರ ಹೋಗದೆ ವಾಪಸ್ ಬನ್ನಿ. ಮನುಷ್ಯರ ಗಲಾಟೆ ಆದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಜಾಗದ ಗುರುತು ವಾಟ್ಸಾಪ್ ಗುಂಪಿಗೆ ಹಾಕಲೂಬೇಡಿ.

ಬಿಸಿಲು ಏರಿದರೆ ಅವು ಎಲ್ಲೋ ನೆರಳು ನೋಡಿಕೊಂಡು ಮಲಗಿಬಿಡುತ್ತವೆ. ಒಂಬತ್ತಾದರೆ ಎದ್ದು ಊರೊಳಗೆ ಹೋಗಿ ಪುಳಿಯೋಗರೆ ತಿನ್ನಿ. ತೋಳ ನೋಡಲೇಬೇಕು ಅನ್ನುವ ಹಠ ಇದ್ದರೆ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಇದೆ. ಹೊರಡುವ ಮೊದಲು ಅಲ್ಲಿನ ಅರಣ್ಯ ಇಲಾಖೆಯವರನ್ನು ಒಂದು ಮಾತು ಕೇಳಿಕೊಳ್ಳಿ.