ಯಂತ್ರಕ್ಕೆ ಮಡಕೆ ಕೇಳಿಸುವುದಿಲ್ಲ

ಓದುಗರ ಪತ್ರ, ಚುಟುಕಾಗಿ:

"ಹೋದ ಸಂಚಿಕೆಯಲ್ಲಿ ದುರ್ಗದ ಪಕ್ಕದ ಹಳೆಯ ನೆಲೆ ಚಂದ್ರವಳ್ಳಿ ಬಗ್ಗೆ ಬರೆದಿದ್ದಿರಿ. ನಮ್ಮ ಶೇಂಗಾ ಹೊಲದ ಬದುವಿಗೇ ಒಂದು ಹಾಳೂರ ದಿಬ್ಬ ಇದೆ. ಅರ್ಧ ದಿಬ್ಬ ನಮ್ಮ ಪಹಣಿಯಲ್ಲೇ ಬರುತ್ತದೆ. ಜಾಲಿ ಬೆಳೆದು ಬೀಳು ಬಿದ್ದಿದೆ, ಯಾರೂ ಉತ್ತಿಲ್ಲ. ಮಳೆ ಬಂದರೆ ಹಳೆ ಮಡಕೆಯ ಬೋಕಿ ಚೂರು, ಮಣಿ ಮೇಲೆ ಬರುತ್ತವೆ. ಗೆಳೆಯನೊಬ್ಬ ಆನ್‌ಲೈನ್‌ನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿದ್ದಾನೆ. ಮೊದಲ ದಿನ ಮನೆ ಹಿಂದಿನ ಕಣದಲ್ಲಿ ಆಡಿಸಿದಾಗ ಅಮ್ಮ ಕಳೆದುಕೊಂಡಿದ್ದ ಬೆಂಡೋಲೆಯ ತಿರುಪು ಸಿಕ್ಕಿತು. ಓಲೆ ಸಿಗಲಿಲ್ಲ. ಈಗ ದಿಬ್ಬದ ಮೇಲೆ ಆಡಿಸೋಣ ಅಂತಿದ್ದೇವೆ. ಇಂಗ್ಲೆಂಡಿನಲ್ಲಿ ಹೀಗೆ ಹುಡುಕಿದವರಿಗೆ ಚಪ್ಪಾಳೆ ಹೊಡೆಯುತ್ತಾರೆ. ಇಲ್ಲಿ ನಾವು ಮುಟ್ಟಿದರೆ ನಿಧಿಗಳ್ಳರು. ನಮ್ಮ ಹೊಲ, ನಮ್ಮ ಯಂತ್ರ. ತಪ್ಪೇನು?"

(ಹೆಸರು ಬೇಡ ಎಂದಿರುವ ಓದುಗರು, ಚಿತ್ರದುರ್ಗ ತಾಲ್ಲೂಕು)

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ಸಿಟ್ಟು ಜಾಸ್ತಿ ಇದೆ, ಕಳ್ಳತನ ಇಲ್ಲ. ಕದಿಯುವವರು ಪತ್ರಿಕೆಗೆ ಬರೆದು ಕೇಳುವುದಿಲ್ಲ ಅಲ್ವಾ. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ಉದ್ದಕ್ಕೆ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ದಿಬ್ಬದ ಮೇಲೆ ಆಡಿಸಬೇಡಿ. ಕಣದಲ್ಲಿ ಎಷ್ಟು ಬೇಕಾದರೂ ಆಡಿಸಿ.

ಕಾನೂನಿನ ಮಾತು ಬೇಗ ಮುಗಿಸೋಣ. ಪಹಣಿ ನಿಮ್ಮ ಹೆಸರಲ್ಲಿದ್ದರೆ ಮೇಲಿನ ಬೆಳೆ ನಿಮ್ಮದು. ಒಳಗೆ ಹೂತುಹೋದ ಹಳೆಯ ವಸ್ತುವಿನ ಲೆಕ್ಕ ಬೇರೆ. ಬ್ರಿಟಿಷರು 1878ರಲ್ಲಿ ನಿಧಿ ಕಾಯ್ದೆ ಮಾಡಿದರು. ಅದೇ ಜಾಡಿನಲ್ಲಿ ನಮ್ಮ ರಾಜ್ಯಕ್ಕೂ 1962ರದೊಂದು ಕಾಯ್ದೆ ಇದೆ. ನೆಲದಲ್ಲಿ ಹೂತಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಹೊಲ ಯಾರದೇ ಆಗಿರಲಿ. ಮುಚ್ಚಿಟ್ಟರೆ ಕೇಸು. 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯವೂ ಪುರಾವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ನಮ್ಮ ದುರ್ಗದ ಕೋಟೆಯಂಥ ರಕ್ಷಿತ ಜಾಗದಲ್ಲಂತೂ ಅನುಮತಿ ಇಲ್ಲದೆ ಅಗೆಯುವ ಮಾತೇ ಇಲ್ಲ.

ಇಂಗ್ಲೆಂಡಿನ ವಿಡಿಯೊಗಳನ್ನು ನಾನೂ ನೋಡಿದ್ದೇನೆ. ಸುಳ್ಳು ಯಾಕೆ ಹೇಳಲಿ, ಕೂತರೆ ಏಳುವುದಕ್ಕೆ ಮನಸ್ಸಾಗುವುದಿಲ್ಲ. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಒಬ್ಬ ಹವ್ಯಾಸಿಗೆ ಸಾವಿರಾರು ಚೂರು ಬಂಗಾರ-ಬೆಳ್ಳಿ ಸಿಕ್ಕಿತು, ಒಂದು ಸಾವಿರ ವರ್ಷಕ್ಕೂ ಹಳೆಯದು. ಆದರೆ ವಿಡಿಯೊದಲ್ಲಿ ಬರದ ಭಾಗ ಒಂದಿದೆ. ಅಲ್ಲಿ ಹೊಲದವರ ಒಪ್ಪಿಗೆ ಬೇಕು. 1996ರ ಕಾಯ್ದೆ ಪ್ರಕಾರ ನಿಧಿ ಎನ್ನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ಕಾರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಉಳಿದ ಚಿಲ್ಲರೆ ವಸ್ತು ಎಲ್ಲಿ ಸಿಕ್ಕಿತು ಎಂದು ಬರೆದಿಡುವುದಕ್ಕೇ 1997ರಿಂದ ಒಂದು ಯೋಜನೆ ಇದೆ. ಅಲ್ಲೂ ರಕ್ಷಿತ ಜಾಗಕ್ಕೆ ಅನುಮತಿ ಇಲ್ಲದೆ ಯಂತ್ರ ಒಯ್ಯುವಂತಿಲ್ಲ. ಪಕ್ಕದ ಐರ್ಲೆಂಡಿನಲ್ಲಿ ಅನುಮತಿ ಇಲ್ಲದೆ ಪುರಾವಸ್ತು ಹುಡುಕಲು ಯಂತ್ರ ಹಿಡಿಯುವುದೇ ಅಪರಾಧ.

ಒಂದು ಕಡೆ ನಿಮ್ಮ ಸಿಟ್ಟು ನ್ಯಾಯವೇ. ಬೋಕಿ ಚೂರು ಹಿಡಿದು ಬಂದ ರೈತನನ್ನು ಕೂರಿಸಿ, ಚಹಾ ಕೊಟ್ಟು, ಎಲ್ಲಿ ಸಿಕ್ಕಿತು ಎಂದು ಬರೆದುಕೊಳ್ಳುವ ಅಂಥ ವ್ಯವಸ್ಥೆ ನಮ್ಮಲ್ಲಿ ಬೆಳೆದಿಲ್ಲ. ಅದು ಬೇಕು ಎಂದು ಜಗಳ ಮಾಡಿ, ಜೊತೆಗೆ ನಾನೂ ಬರುತ್ತೇನೆ. ಅದು ಬರುವ ಮೊದಲೇ ಯಂತ್ರ ಹಿಡಿದರೆ ನಮ್ಮ ಕೈಗೆ ವಸ್ತು ಬರುತ್ತದೆ, ಕಥೆ ನೆಲದಲ್ಲೇ ಹಾಳಾಗುತ್ತದೆ.

ಇನ್ನು ಯಂತ್ರ. ಅದರ ಮೇಲೆ ನನಗೆ ದ್ವೇಷವಿಲ್ಲ. ಕೆಳಗಿನ ತಟ್ಟೆಯಲ್ಲಿ ತಂತಿಯ ಸುರುಳಿ ಇದೆ. ಅದರಲ್ಲಿ ಕರೆಂಟು ಹಿಂದೆ ಮುಂದೆ ಓಡಿದಾಗ ಕಾಂತಶಕ್ತಿ ನೆಲಕ್ಕಿಳಿಯುತ್ತದೆ. ಅಲ್ಲಿ ಲೋಹ ಇದ್ದರೆ ಅದರೊಳಗೂ ಸಣ್ಣ ಕರೆಂಟು ಸುತ್ತುತ್ತದೆ. ಇನ್ನೊಂದು ಸುರುಳಿ ಅದರ ಸುಳಿವು ಹಿಡಿದು ಪೀಂ ಎನ್ನುತ್ತದೆ. ಬಿಲ್ಲೆಯಷ್ಟು ಚಿಕ್ಕದಾದರೆ ಒಂದು ಗೇಣು ಆಳದವರೆಗೆ ಸುಳಿವು ಸಿಗಬಹುದು, ಬಹಳವೆಂದರೆ ನಾಲ್ಕು ಬೆರಳು ಜಾಸ್ತಿ. ಹತ್ತು ಅಡಿ ಕೆಳಗಿನ ಒಂದು ಬಿಲ್ಲೆಯನ್ನೂ ತೋರಿಸುತ್ತದೆ ಎಂದು ಹೇಳಿ ಮಾರಿದ್ದರೆ, ನಿಮ್ಮ ಗೆಳೆಯನ ದುಡ್ಡು ಹೋಯಿತು.

ಅದರಲ್ಲೂ ಇದು ಚಿತ್ರದುರ್ಗದ ನೆಲ. ಭೀಮಸಮುದ್ರದ ಕಡೆ ಅದಿರಿನ ಲಾರಿ ಓಡಾಡುವುದು ನೋಡಿದ್ದೀರಿ. ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇತ್ತು. ಕಬ್ಬಿಣದ ಅಂಶ ಜಾಸ್ತಿ ಇರುವ ಇಂಥ ಮಣ್ಣಿನಲ್ಲಿ ಸುಮ್ನೆ ಬಿದ್ದಿರುವ ಕಲ್ಲಿಗೂ ಯಂತ್ರ ಕೂಗುತ್ತದೆ. ಕಲ್ಲು ಬಿಟ್ಟರೆ ಗುಟ್ಕಾ ಚೀಟಿಯ ಬೆಳ್ಳಿ ಹಾಳೆ, ಬಾಟಲಿ ಮುಚ್ಚಳ, ಟ್ರ್ಯಾಕ್ಟರ್ ಬೋಲ್ಟು, ಎತ್ತಿನ ಲಾಳ, ಮುರಿದ ಕುಂಟೆಯ ಕುಡ. ಒಂದೊಂದು ಕೂಗಿಗೂ ಒಂದೊಂದು ಗುಂಡಿ. ಈ ಯಂತ್ರದ ಮುತ್ತಜ್ಜನ ಪಾಡೂ ಇದೇ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ, ಮೈಯೊಳಗೆ ಅದು ಎಲ್ಲಿದೆ ಎಂದು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಒಂದು ಯಂತ್ರ ತಂದ. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗು ಅಡ್ಡ ಬಂತು ಎನ್ನುತ್ತಾರೆ.

ಸರಿ, ಕೂಗುವುದರ ಮಾತಾಯಿತು. ಕೂಗದೆ ಇರುವುದು ಏನೇನು? ಮಡಕೆ, ಮಣಿ, ಮೂಳೆ, ಬೂದಿ, ಸುಟ್ಟ ಕಾಳು, ಒಲೆಯ ಕಲ್ಲು, ಸಾರಿಸಿದ ನೆಲ. ಹಾಳೂರು ಅಂದರೆ ಮುಕ್ಕಾಲುಪಾಲು ಇವೇ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂಗಿದ ಕಡೆ ಸಲಿಕೆ ಹಾಕುವವನು ಇವನ್ನೆಲ್ಲ ಕತ್ತರಿಸಿಕೊಂಡೇ ಒಳಗೆ ಹೋಗುತ್ತಾನೆ. ನಿಮ್ಮದು ಉತ್ತ ಹೊಲವಾಗಿದ್ದರೆ, ಹೇಗೂ ನೇಗಿಲು ಕದಡಿದ ಮಣ್ಣು ತಾನೇ ಎನ್ನಬಹುದಿತ್ತು. ಇಂಗ್ಲೆಂಡಿನ ಹವ್ಯಾಸಿಗಳು ಹೇಳುವುದೂ ಅದನ್ನೇ. ನಿಮ್ಮ ದಿಬ್ಬ ಉತ್ತಿಲ್ಲ. ಜಾಲಿ ಬೇರಿನ ಪಕ್ಕದಲ್ಲಿ ಒಂದು ಗೇಣು ಇಳಿದರೆ ಯಾರದೋ ಮನೆಯ ನೆಲಕ್ಕೇ ಸಲಿಕೆ ತಾಗಬಹುದು.

ಇನ್ನೊಂದು ತಮಾಷೆ ಇದೆ. ಈ ಯಂತ್ರಗಳಲ್ಲಿ ಕಬ್ಬಿಣಕ್ಕೆ ಮಾತ್ರ ಕಿವುಡಾಗುವ ಬಟನ್ ಇರುತ್ತದೆ. ಮೊಳೆ, ಲಾಳದ ಕಾಟ ತಪ್ಪಲಿ ಎಂದು ಎಷ್ಟೋ ಜನ ಮೊದಲು ಅದನ್ನೇ ಒತ್ತುತ್ತಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಕಲ್ಲುಗೋರಿಗಳಲ್ಲಿ ಸಿಕ್ಕಿದ್ದು ಕಬ್ಬಿಣದ ಹತಾರ, ಅದರ ಜೊತೆ ಒಳಗೆ ಕಪ್ಪು ಹೊರಗೆ ಕೆಂಪು ಇರುವ ಮಡಕೆ. ಆ ಬಟನ್ ಒತ್ತಿಕೊಂಡು ಅಲ್ಲಿ ನಡೆದವನಿಗೆ ಕಬ್ಬಿಣಯುಗ ಪೂರ್ತಿ ಕೇಳಿಸುವುದೇ ಇಲ್ಲ.

ನಾಣ್ಯ ಮುಖ್ಯವಲ್ಲವೇ ಎಂದು ಕೇಳುತ್ತೀರಿ. ಮುಖ್ಯವೇ. ಚಂದ್ರವಳ್ಳಿಯನ್ನೇ ನೋಡಿ. 1920ರ ದಶಕದ ಕೊನೆಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅಲ್ಲಿ ಅಗೆಸಿದರು. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿದರು. ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯ ಸಿಕ್ಕವು, ರೋಮಿನ ಬೆಳ್ಳಿ ನಾಣ್ಯವೂ ಸಿಕ್ಕವು. ರೋಮಿನ ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37. ಅವನ ನಾಣ್ಯ ಕದಡದ ಮಣ್ಣಿನ ಪದರವೊಂದರಲ್ಲಿ ಕೂತಿದ್ದರೆ, ಆ ಪದರ 14ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಪಕ್ಕದಲ್ಲೇ ಬಿದ್ದಿರುವ ಬೋಕಿಗೂ ಆ ಕಾಲ ಹತ್ತುತ್ತದೆ. ನಾಳೆ ಅಂಥದೇ ಬೋಕಿ ಬೇರೆ ಊರಲ್ಲಿ ಸಿಕ್ಕರೆ, ಅಲ್ಲಿ ಒಂದು ನಾಣ್ಯ ಇಲ್ಲದಿದ್ದರೂ ಕಾಲ ಹೇಳಬಹುದು. ನಿಮ್ಮ ದಿಬ್ಬದ ಕಾಲವೂ ಹಾಗೇ ಗೊತ್ತಾಗಬೇಕು. ಅದೇ ನಾಣ್ಯ ಪದರದಿಂದ ಕಿತ್ತು ಜೇಬಿಗೆ ಬಂದರೆ? ಟೈಬೀರಿಯಸ್ ಯಾವಾಗ ಆಳಿದ ಎಂದು ನಮಗೆ ಮೊದಲೇ ಗೊತ್ತಿತ್ತು.

ಇದನ್ನು ನಾನು ಬೇರೆಯವರ ತಪ್ಪಿನಿಂದ ಕಲಿತಿದ್ದಲ್ಲ. ಪಿಯುಸಿ ಓದುವಾಗ ಒಂದು ಮಳೆಗಾಲ ಹೊಲದ ದಾರಿಯಲ್ಲಿ ಬೂದುಬಣ್ಣದ ಬಿಲ್ಲೆಯೊಂದು ಸಿಕ್ಕಿತು. ಉಗುರಿನಲ್ಲಿ ಒತ್ತಿದರೆ ಗೆರೆ ಬೀಳುವಷ್ಟು ಮೆತ್ತಗೆ, ಗಾತ್ರಕ್ಕೆ ಮೀರಿದ ಭಾರ. ಸೀಸ. ಒಂದು ಕಡೆ ಆನೆಯೋ ಕುದುರೆಯೋ ಏನೋ ಉಬ್ಬಿತ್ತು, ಸುತ್ತ ಅಕ್ಷರದಂಥದ್ದು. ಬೆಂಕಿಪೊಟ್ಟಣದಲ್ಲಿಟ್ಟು ಮರೆತೆ. ದೀಪಾವಳಿಗೆ ಅಜ್ಜಿ ಹಿತ್ತಾಳೆ ಪಾತ್ರೆ ಬೆಳಗುವಾಗ ನಾನೇ ತಂದುಕೊಟ್ಟೆ, ಇದೂ ಹೊಳೆಯಲಿ ಎಂದು. ಹುಣಸೆಹುಳಿ, ಬೂದಿ, ತೆಂಗಿನ ನಾರು. ಅಜ್ಜಿ ಮನಸ್ಸಿಟ್ಟು ಉಜ್ಜಿದಳು. ಸೀಸಕ್ಕೆ ಹುಳಿ ಆಗಿಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಕ್ಷರ ಹೋಯಿತು, ಆನೆಯ ಸೊಂಡಿಲು ಹೋಯಿತು. ಆಮೇಲೆ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿದೆ. ಅವರು ಬೈಯಲಿಲ್ಲ. ಎರಡೇ ಪ್ರಶ್ನೆ ಕೇಳಿದರು: "ಎಲ್ಲಿ ಸಿಕ್ಕಿತಪ್ಪಾ? ಜೊತೆಗೆ ಏನಿತ್ತು?" ಯಾವ ಬದು, ಯಾವ ಹೊಲ, ಒಂದೂ ನೆನಪಿರಲಿಲ್ಲ. ಆ ಬಿಲ್ಲೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ನೋಡಿದರೆ ಮೀನು ಹಿಡಿಯುವ ಬಲೆಯ ಗುಂಡು ಎನ್ನಬಹುದು.

ಯಂತ್ರ ಸರಿಯಾಗಿ ಬಳಸಿದ ಕಥೆಯೂ ಇದೆ, ಅದನ್ನೂ ಹೇಳಬೇಕು. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಎಂಬ ಬಯಲಿನಲ್ಲಿ 1876ರಲ್ಲಿ ಅಲ್ಲಿನ ಮೂಲನಿವಾಸಿಗಳಿಗೂ ಸರ್ಕಾರದ ಸೈನಿಕರಿಗೂ ಕಾಳಗ ನಡೆದಿತ್ತು. 1983ರಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬೋಳಾಯಿತು. ಮರುವರ್ಷ ಪುರಾತತ್ವದವರು ಡಿಟೆಕ್ಟರ್ ಹಿಡಿದವರನ್ನು ಸಾಲಾಗಿ ನಡೆಸಿದರು. ಕೂಗಿದ ಕಡೆ ತಕ್ಷಣ ಅಗೆಯಲಿಲ್ಲ, ಗುರುತಿಗೆ ಬಾವುಟ ನೆಟ್ಟರು. ಒಂದೊಂದು ಗುಂಡು, ಒಂದೊಂದು ತೋಟಾ ಎಲ್ಲಿತ್ತು ಎಂದು ಅಳೆದು ನಕ್ಷೆಗೆ ಹಾಕಿದರು. ಯಾರು ಎಲ್ಲಿ ನಿಂತು ಹೊಡೆದರು, ಯಾವ ಕಡೆ ಸರಿದರು ಎಂಬುದು ಆ ಚುಕ್ಕೆಗಳಿಂದ ಗೊತ್ತಾಯಿತು. ನಮ್ಮ ದುರ್ಗವನ್ನು ಹೈದರಾಲಿ ಹಿಡಿದಿದ್ದು 1779ರಲ್ಲಿ. ಅನುಮತಿ ಪಡೆದು, ತಿಳಿದವರ ಜೊತೆ, ಕೋಟೆಯ ಸುತ್ತಿನ ಬಯಲಿನಲ್ಲಿ ಯಾರಾದರೂ ಇಂಥ ನಕ್ಷೆ ಮಾಡಿದರೆ ನಮ್ಮ ಪತ್ರಿಕೆಯ ಹತ್ತು ಪುಟ ಬಿಟ್ಟುಕೊಡುತ್ತೇನೆ. ಹೋದವರೆಲ್ಲ ಒಂದೊಂದು ಗುಂಡು ಜೇಬಿಗೆ ಹಾಕಿಕೊಂಡರೆ ನಕ್ಷೆಗೆ ಚುಕ್ಕೆಯೇ ಇರುವುದಿಲ್ಲ.

ನಿಧಿಗಳ್ಳರು ಎಂಬ ಮಾತು ನಿಮಗೆ ನೋವು ತಂದಿದೆ. ನಿಮ್ಮನ್ನು ನಾನು ಹಾಗೆ ಕರೆಯುವುದಿಲ್ಲ. ಆದರೆ ಊರವರು ಯಾಕೆ ಹೆದರುತ್ತಾರೆ ನೋಡಿ. ನಮ್ಮ ಸೀಮೆಯಲ್ಲಿ ಪಾಳು ಗುಡಿಯ ಬಸವಣ್ಣನ ಹೊಟ್ಟೆ ಒಡೆದದ್ದು, ಲಿಂಗ ಕಿತ್ತು ಪೀಠದ ಕೆಳಗೆ ಅಗೆದದ್ದು ಎಷ್ಟು ಸಲ ಸುದ್ದಿಯಾಗಿಲ್ಲ? ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಕುಂಕುಮ, ಈಗ ಅದರ ಜೊತೆಗೆ ಬ್ಯಾಟರಿ ಯಂತ್ರ. ದಾವಣಗೆರೆ ಕಡೆಯದು ಇನ್ನೊಂದು ಬಗೆ: "ಪಾಯ ತೆಗೆಯುವಾಗ ಬಂಗಾರದ ಬಿಲ್ಲೆ ಸಿಕ್ಕಿವೆ, ಅರ್ಧ ರೇಟಿಗೆ ಕೊಡುತ್ತೇವೆ" ಎಂದು ದೂರದವರನ್ನು ಕರೆಸಿ ನಕಲಿ ಬಿಲ್ಲೆ ಕಟ್ಟಿ ಕಳಿಸುವುದು. ದಿಬ್ಬದ ಮೇಲೆ ಯಂತ್ರ ಕೂಗಿದ ಸುದ್ದಿ ಚಹಾ ಅಂಗಡಿಗೆ ಮುಟ್ಟಿದರೆ ಸಾಕು. ನೀವು ಗುಂಡಿ ತೋಡದಿದ್ದರೂ ಆ ರಾತ್ರಿ ಬೇರೆಯವರು ತೋಡುತ್ತಾರೆ. ಜೆಸಿಬಿ ತಂದರೂ ಆಶ್ಚರ್ಯವಿಲ್ಲ.

ಹಾಗಾದರೆ ಸುಮ್ನೆ ಕೂರಬೇಕಾ? ಬೇಡ. ಒಂದು ಜೋರು ಮಳೆ ಬಂದು ನೆಲ ಆರಿದ ಮೇಲೆ ಬೆಳಗಿನ ಎಳೆಬಿಸಿಲಿಗೆ ದಿಬ್ಬದ ಮೇಲೆ ನಡೆಯಿರಿ. ಮೇಲೆ ಕಾಣುವ ಬೋಕಿಯನ್ನು ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಪೆನ್ನು ಇಟ್ಟು ಫೋಟೊ ತೆಗೆಯಿರಿ, ಗಾತ್ರ ಗೊತ್ತಾಗಲಿ ಎಂದು. ಫೋನಿನಲ್ಲಿ ಲೊಕೇಶನ್ ಹಾಕಿ, ಸರ್ವೆ ನಂಬರ್ ಬರೆದುಕೊಳ್ಳಿ. ಕಂದುಗೆಂಪು ಮೈಮೇಲೆ ಬಿಳಿ ಗೆರೆ ಬರೆದ ಚೂರು ಕಂಡರೆ ಎರಡು ಫೋಟೊ ಜಾಸ್ತಿ ತೆಗೆಯಿರಿ; ಚಂದ್ರವಳ್ಳಿಯಲ್ಲೂ ಅಂಥವು ಸಿಕ್ಕಿವೆ. ಯಾವುದನ್ನೂ ತೊಳೆಯಬೇಡಿ, ಹುಣಸೆಹುಳಿ ನೆನಪಿರಲಿ. ಊರ ಹಿರಿಯರನ್ನು ಕೇಳಿ, ಆ ಹಾಳೂರಿಗೆ ಹೆಸರೇನಿತ್ತು ಎಂದು. ಕಂದಾಯದ ಹಳೆಯ ನಕ್ಷೆಯಲ್ಲಿ ಬೇಚರಾಕ್ ಗ್ರಾಮ, ಅಂದರೆ ಜನವಸತಿ ಇಲ್ಲದ ಊರು, ಎಂದು ಇದ್ದರೂ ಇರಬಹುದು. ಇಷ್ಟನ್ನು ಒಂದು ಕವರಿಗೆ ಹಾಕಿ ರಂಗಯ್ಯನ ಬಾಗಿಲಿನ ಸರ್ಕಾರಿ ಮ್ಯೂಸಿಯಂಗೆ ಒಯ್ದು ಕೊಡಿ. ಒಂದು ಪ್ರತಿ ನಮಗೂ ಕಳಿಸಿ. ಜಾಗದ ಗುರುತು ಅಚ್ಚು ಮಾಡುವುದಿಲ್ಲ, ಬೋಕಿಯ ಫೋಟೊ ಖಂಡಿತ ಹಾಕುತ್ತೇವೆ.

ಅಮ್ಮನ ಓಲೆಯ ವಿಚಾರ. ತಿರುಪು ಸಿಕ್ಕ ಜಾಗದ ಸುತ್ತ ಮಾತ್ರ ಹುಡುಕಿ ಬಿಟ್ಟಿರುತ್ತೀರಿ. ಶೇಂಗಾ ಹೊಟ್ಟು ತೂರುವಾಗ ಗಾಳಿ ಯಾವ ಕಡೆಗಿತ್ತು ಎಂದು ಅಮ್ಮನನ್ನೇ ಕೇಳಿ. ಹೊಟ್ಟು ಬಿದ್ದ ಕಡೆ, ಅದನ್ನು ಒಯ್ದು ಸುರಿದ ತಿಪ್ಪೆಯ ಅಂಚಿನಲ್ಲಿ ಯಂತ್ರ ನಿಧಾನಕ್ಕೆ ಆಡಿಸಿ. ಕಬ್ಬಿಣಕ್ಕೆ ಕಿವುಡಾಗುವ ಬಟನ್ ಅಲ್ಲಿ ಒತ್ತಿಕೊಳ್ಳಬಹುದು.