ಓದುಗರ ಪ್ರಶ್ನೆ: ಹಗಲು-ರಾತ್ರಿ ಸಮ ಎನ್ನುವ ದಿನ ಏಳು ನಿಮಿಷ ಹೆಚ್ಚೇಕೆ?

ಪ್ರಶ್ನೆ: ಮಾರ್ಚ್ 20ರಂದು ಹಗಲು-ರಾತ್ರಿ ಸಮ ಎಂದು ಎಲ್ಲ ಕಡೆ ಹೇಳುತ್ತಾರೆ. ಆದರೆ ಆ ದಿನ ಕಾರವಾರದಲ್ಲಿ ಸೂರ್ಯೋದಯ 6.37ಕ್ಕೆ, ಸೂರ್ಯಾಸ್ತ 6.44ಕ್ಕೆ. ಏಳು ನಿಮಿಷ ಎಲ್ಲಿಂದ ಬಂತು?
– ಓದುಗರು, ಕಾರವಾರ

ಉತ್ತರ: ನಿಮ್ಮ ಲೆಕ್ಕ ಸರಿಯಿದೆ, ‘ಸಮ’ ಎಂಬ ಮಾತೇ ಸ್ವಲ್ಪ ಸಡಿಲ. ವಿಷುವ ಎಂದರೆ ಸೂರ್ಯಬಿಂಬದ ನಡುಬಿಂದು ಭೂಮಿಯ ಸಮಭಾಜಕ ವೃತ್ತದ ನೇರ ಮೇಲೆ ಬರುವ ಕ್ಷಣ. ಹಗಲನ್ನು ನಾವು ಅಳೆಯುವುದು ನಡುಬಿಂದುವಿನಿಂದಲ್ಲ. ಬೆಳಿಗ್ಗೆ ಬಿಂಬದ ಮೇಲಂಚು ಇಣುಕಿದರೆ ಉದಯ, ಸಂಜೆ ಅದೇ ಮೇಲಂಚು ಮರೆಯಾದರೆ ಅಸ್ತ. ಜೊತೆಗೆ ಗಾಳಿ ಬೆಳಕನ್ನು ಬಾಗಿಸುತ್ತದೆ. ಕಡಲಂಚಿನಲ್ಲಿ ಈ ಬಾಗು 34 ಕಲೆಯಷ್ಟು (60 ಕಲೆ ಎಂದರೆ ಒಂದು ಡಿಗ್ರಿ), ಸೂರ್ಯಬಿಂಬದ ಅಗಲ 32 ಕಲೆ. ಅಂದರೆ ಕಾರವಾರದ ಕಡಲತೀರದಲ್ಲಿ ನಿಂತು ‘ಈಗ ಬಿಂಬದ ತಳ ನೀರಿಗೆ ತಾಗಿತು’ ಎನ್ನುವ ಹೊತ್ತಿಗೆ ಇಡೀ ಸೂರ್ಯ ಲೆಕ್ಕದ ಪ್ರಕಾರ ಆಗಲೇ ದಿಗಂತದ ಕೆಳಗೆ ಇಳಿದಿರುತ್ತಾನೆ! ಬಾಗಿನ 34 ಕಲೆ, ಬಿಂಬದ ಅರ್ಧ 16 ಕಲೆ ಸೇರಿ ಬೆಳಿಗ್ಗೆ ಮೂರೂವರೆ ನಿಮಿಷ, ಸಂಜೆ ಮೂರೂವರೆ ನಿಮಿಷ. ಅದೇ ನಿಮ್ಮ ಏಳು ನಿಮಿಷ.

ಗಡಿಯಾರದಲ್ಲಿ ನಿಜವಾಗಿ ಹನ್ನೆರಡು-ಹನ್ನೆರಡು ತಾಸು ಬೇಕಿದ್ದರೆ ನಮ್ಮ ಕರಾವಳಿಯಲ್ಲಿ ಮಾರ್ಚ್ 12 ಮತ್ತು ಅಕ್ಟೋಬರ್ 1ರ ಆಸುಪಾಸು ನೋಡಿ. ಆ ದಿನಗಳಲ್ಲಿ ಇಲ್ಲಿ ಹಗಲು ದಿನಕ್ಕೆ ಸುಮಾರು 50 ಸೆಕೆಂಡಿನಷ್ಟು ಬದಲಾಗುತ್ತಿರುತ್ತದೆ.

ಪ್ರಶ್ನೆ: ಆ ದಿನ ಭೂಮಿಯ ಓರೆ ನೆಟ್ಟಗಾಗುತ್ತದೆಯೇ?
– ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ಇಲ್ಲ. 23.4 ಡಿಗ್ರಿ ಓರೆ ವರ್ಷವಿಡೀ ಹಾಗೇ ಇರುತ್ತದೆ. ಒಂದು ಕಂಚಿಕಾಯಿಗೆ ಕಡ್ಡಿ ಚುಚ್ಚಿ, ಓರೆಯಾಗಿ ಹಿಡಿದು, ಕತ್ತಲೆ ಕೋಣೆಯ ನಡುವಿನ ದೀಪಕ್ಕೆ ಸುತ್ತು ಬನ್ನಿ. ಒಂದೇ ಷರತ್ತು: ಕಡ್ಡಿಯ ತುದಿ ಸದಾ ಗೋಡೆಯ ಒಂದೇ ಮೂಲೆಯ ಕಡೆಗೆ ಇರಬೇಕು. ನಾವು ತಿರುಗಿದಂತೆ ಕೈಯೂ ತಿರುಗುವುದೇ ಇಲ್ಲಿ ಆಗುವ ತಪ್ಪು. ಸರಿಯಾಗಿ ಹಿಡಿದರೆ ಒಂದು ಕಡೆ ಮೇಲಿನ ತುದಿ ದೀಪದತ್ತ ವಾಲುತ್ತದೆ (ಜೂನ್), ಎದುರು ಬದಿಯಲ್ಲಿ ದೀಪದಿಂದ ಆಚೆ ವಾಲುತ್ತದೆ (ಡಿಸೆಂಬರ್). ನಡುವಿನ ಎರಡು ಜಾಗಗಳಲ್ಲಿ ಓರೆ ಇದ್ದೂ ಪಕ್ಕಕ್ಕಿರುತ್ತದೆ; ಬೆಳಕಿನ ಗೆರೆ ಎರಡೂ ತುದಿಗಳನ್ನು ಹಾದುಹೋಗುತ್ತದೆ. ಆ ಎರಡು ಜಾಗಗಳೇ ವಿಷುವ. ಆಗ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕೆ. ಡಿಸೆಂಬರ್‌ನಲ್ಲಿ ಅದಕ್ಕಿಂತ 24 ಡಿಗ್ರಿ ಎಡಕ್ಕೆ, ಜೂನ್‌ನಲ್ಲಿ ಅಷ್ಟೇ ಬಲಕ್ಕೆ. ಜೂನ್‌ನದು ಮಳೆಮೋಡದಲ್ಲಿ ಕಂಡರೆ ಪುಣ್ಯ.

ಪ್ರಶ್ನೆ: ಒಮ್ಮೆ ಮಾರ್ಚ್ 20, ಒಮ್ಮೆ 21 ಎನ್ನುತ್ತಾರೆ. ಯಾವುದು ಸರಿ?
– ಓದುಗರು, ಕುಮಟಾ

ಉತ್ತರ: ಎರಡೂ. ವರ್ಷ 365 ದಿನಕ್ಕೆ ಮುಗಿಯುವುದಿಲ್ಲ, ಮೇಲೆ ಐದು ಮುಕ್ಕಾಲು ತಾಸಿನಷ್ಟು ಉಳಿಯುತ್ತದೆ. ನಮ್ಮ ಗಡಿಯಾರದಲ್ಲಿ 2025ರಲ್ಲಿ ಮಾರ್ಚ್ 20ರ ಮಧ್ಯಾಹ್ನ 2.31; 2026ರಲ್ಲಿ ಅದೇ ತಾರೀಖು ರಾತ್ರಿ 8.16; 2027ರಲ್ಲಿ 21ರ ನಸುಕಿನ 1.55. 2028ರಲ್ಲಿ ಫೆಬ್ರುವರಿ 29 ಬಂದು ಮತ್ತೆ 20ಕ್ಕೆ ಎಳೆಯುತ್ತದೆ, ಬೆಳಿಗ್ಗೆ 7.47ಕ್ಕೆ.

ಪ್ರಶ್ನೆ: ಕೇರಳದ ವಿಷು, ತುಳುನಾಡಿನ ಬಿಸು ಏಪ್ರಿಲ್ ಮಧ್ಯಕ್ಕೆ ಬರುತ್ತದಲ್ಲ?
– ಓದುಗರು, ಭಟ್ಕಳ

ಉತ್ತರ: ಹೆಸರು ವಿಷುವದ್ದೇ, ದಿನ ಜಾರಿದೆ. ಪಂಚಾಂಗದ ಮೇಷ ಸಂಕ್ರಮಣ ನಕ್ಷತ್ರಗಳನ್ನು ಹಿಡಿದದ್ದು. ವಿಷುವದ ಬಿಂದುವೋ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಕೂಡಿದ್ದವು. ಈಗಿನ ಅಂತರ 24 ಡಿಗ್ರಿ, ಪಂಚಾಂಗದವರು ಅಯನಾಂಶ ಎನ್ನುವುದು ಇದನ್ನೇ. 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ ಮಾತ್ರ ಚೈತ್ರ 1ನ್ನು ಮಾರ್ಚ್ 22ಕ್ಕೆ (ಅಧಿಕ ವರ್ಷದಲ್ಲಿ 21ಕ್ಕೆ) ಇಟ್ಟಿತು.

ಪ್ರಶ್ನೆ: ನಮ್ಮಲ್ಲಿ ಸುತ್ತಲೂ ಗುಡ್ಡ, ತೋಟ. ದಿಗಂತವೇ ಕಾಣದು. ವಿಷುವವನ್ನು ನೋಡುವುದು ಹೇಗೆ?
– ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ನೆರಳು ಸಾಕು. ಅಡಿಕೆ ಒಣಗಿಸುವ ಅಂಗಳದಲ್ಲಿ ನೀರು ಚೆಲ್ಲಿ, ಅದು ಯಾವ ಕಡೆಗೂ ಹರಿಯದ ಮಟ್ಟಸ ಜಾಗ ಹುಡುಕಿ. ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರ ನಿಲ್ಲುವಂತೆ ಕೋಲು ನೆಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಎರಡು ಬದಿಯಿಂದ ನೆಟ್ಟಗೆ ಮಾಡಿ. ಒಂದೇ ಡಿಗ್ರಿ ವಾಲಿದರೂ ತುದಿ ಪೌಣೆರಡು ಸೆಂಟಿಮೀಟರ್ ಸರಿದುಬಿಡುತ್ತದೆ, ಹೆಚ್ಚಿನವರ ಲೆಕ್ಕ ಕೆಡುವುದು ಇಲ್ಲೇ. ಹತ್ತು ಗಂಟೆಯಿಂದ ಮೂರರವರೆಗೆ ಅರ್ಧ ತಾಸಿಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕೆ ಇಡಿ.

ವಿಷುವದ ದಿನ ಈ ಚುಕ್ಕೆಗಳು ನೇರ ಗೆರೆಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಕೂರುತ್ತವೆ. ಡಿಸೆಂಬರ್‌ನಲ್ಲಿ ಮಾಡಿದರೆ ಅವೇ ಚುಕ್ಕೆಗಳು ಕಮಾನಾಗುತ್ತವೆ. ಅತಿ ಗಿಡ್ಡ ನೆರಳು ಬೀಳುವುದು ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದರ ಪಶ್ಚಿಮಕ್ಕಿದ್ದೇವೆ. ಹಾಗಾಗಿ ಮಾರ್ಚ್‌ನಲ್ಲಿ ಶಿರಸಿಗೆ 12.38, ಕಾರವಾರಕ್ಕೆ 12.41. ಆಗಿನ ಉದ್ದ ಶಿರಸಿಯಲ್ಲಿ 26.1 ಸೆಂಟಿಮೀಟರ್, ಕಾರವಾರದಲ್ಲಿ 26.4. ನೆರಳನ್ನು ಕೋಲಿನ ಎತ್ತರದಿಂದ ಭಾಗಿಸಿ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ವಿಲೋಮ ಟ್ಯಾನ್ ಒತ್ತಿದರೆ ನಿಮ್ಮ ಅಕ್ಷಾಂಶವೇ ಬರುತ್ತದೆ, ಶಿರಸಿಗೆ 14.6. ಆದರೆ ಎರಡೂರಿನ ಈ 3 ಮಿಲಿಮೀಟರ್ ವ್ಯತ್ಯಾಸ ಹಿಡಿಯಲು ಹೋಗಬೇಡಿ: ನೆರಳಿನ ಅಂಚೇ ಸುಮಾರು ಒಂದು ಸೆಂಟಿಮೀಟರ್ ಮಬ್ಬು. ಕೋಲಿನ ತುದಿಗೆ ಪುಟ್ಟ ತೂತಿನ ರಟ್ಟು ಅಂಟಿಸಿ, ತೂತಿನವರೆಗಿನ ಎತ್ತರವನ್ನೇ ಲೆಕ್ಕಕ್ಕೆ ಹಿಡಿದು, ನೆರಳಿನೊಳಗೆ ಬೀಳುವ ಬೆಳಕಿನ ಬೊಟ್ಟಿನ ನಡುವನ್ನು ಗುರುತು ಮಾಡಿದರೆ ಮಬ್ಬು ಅಷ್ಟು ಕಾಡುವುದಿಲ್ಲ. ಸೆಪ್ಟೆಂಬರ್ 23ಕ್ಕೆ ಮಾಡುವವರು ಗಿಡ್ಡ ನೆರಳನ್ನು ಕಾಲು ತಾಸು ಮೊದಲೇ, 12.23ಕ್ಕೆ ಕಾಯಬೇಕು. ಅದೂ ಮೋಡ ಬಿಟ್ಟರೆ.