12 ನಿಯಮ ಯಾಕ್ರೀ, ಮೂರು ಸಾಕು

ಅಕ್ಕೋರ, ಏಳನೇತ್ತಾ ಹುಡುಗ್ರು ಬಿಸಿಯೂಟ ಆದಮ್ಯಾಲೆ ಸುಮ್ಮನ ಕೂಡಂಗಿಲ್ಲ, ಗ್ವಾಡಿಗೆ ಹಚ್ಚಿದ 12 ನಿಯಮ ಯಾರೂ ನೋಡಂಗಿಲ್ಲ, ಒಂದೆರಡು ಏಟು ಕೊಡ್ಲೇನು ಅಂತ ಕೇಳೀರಿ.

ಏಟಿನ ಮಾತು ಮೊದಲ ಬಿಡ್ರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡಿಯೂದಷ್ಟ ಅಲ್ಲ, ಮಾನಸಿಕ ಕಿರುಕುಳ ಕೊಡೂದೂ ನಿಷೇಧ.

12 ನಿಯಮ ನನಗ ನೆನಪ ಇರಂಗಿಲ್ಲ, ಅವರಿಗೆ ಹೆಂಗ ಇರ್ತಾವ? ನಾನು ಗದಗ ಕಡೆ ಹಳ್ಳಿ ಸಾಲ್ಯಾಗ ಮೂರಕ್ಕ ಇಳಿಸೀನಿ, ಅವನ್ನೂ ಹುಡುಗ್ರ ಬಾಯಿಂದನ ಹೇಳಿಸಿ ಬರಸೀನಿ. "ಗದ್ಲ ಮಾಡಬ್ಯಾಡ್ರಿ" ಅಂದ್ರ ಅವಕ್ಕ ಏನೂ ತಿಳಿಯಂಗಿಲ್ಲ. "ಗಂಟಿ ಹೊಡದ ಕೂಡ್ಲೇ ತಾಟು ತೊಳದಿಟ್ಟು, ನೀರು ಕುಡದು, ನೋಟಬುಕ್ ತಗದು ಕೂಡ್ರೂದು" ಅಂದ್ರ ತಿಳೀತೈತಿ. ಒಂದು ವಾರ ಇದನ್ನ ಕವಾಯತಿನಂಗ ಮಾಡಸ್ರಿ. ಬ್ಯಾಸರಾ ಬರ್ತೈತಿ, ಆದ್ರೂ ಮಾಡಸ್ರಿ.

ನನ್ನ ಕ್ಲಾಸಿನ್ಯಾಗ ಒಬ್ಬಾಂವ ಕೈವಾರದ ಮೊನಿಲೆ ಮುಂದಿನವನ ಬೆನ್ನಿಗೆ ಚುಚ್ಚತಿದ್ದ. ಎಲ್ಲಾರ ಮುಂದ ಬೈದಷ್ಟೂ ಹೀರೋ ಆದ. ಕಡೀಕ ವರಾಂಡಾಕ್ಕ ಅವನೊಬ್ಬನ್ನ ಕರದು ಕೇಳಿದ್ರ, ಹಿಂದಿನ ಬೆಂಚಿಗೆ ಬೋರ್ಡ ಕಾಣಂಗಿಲ್ಲಂತ! ಮುಂದ ಕೂಡ್ರಿಸಿ, ಮನ್ಯಾಗ ಕಣ್ಣು ತೋರಸ್ರಿ ಅಂತ ಹೇಳಿ ಕಳಸಿದೆ. ಕೈವಾರ ಮಾತ್ರ ಇನ್ನೂ ನನ್ನ ಟೇಬಲ್ ಡ್ರಾದಾಗ ಐತಿ.

ಮತ್ತ ಊಟ ಆದ ಪಿರಿಯಡ್ಡಿಗೆ ಪಾಠ ಓದಿ ಹೇಳಬ್ಯಾಡ್ರಿ. ಜೋಡಿ ಮಾಡಿ ಲೆಕ್ಕ ಕೊಡ್ರಿ, ಇಲ್ಲಾ ನಕಾಶಿ ಬಿಡಸಾಕ ಹಚ್ರಿ. ಈ ಬಿಸಲಾಗ ನಮಗ ತೂಕಡಿಕಿ ಬರ್ತೈತಿ, ಅವು ಇನ್ನೂ ಸಣ್ಣವು.